ಹಿಲ್ಮಾ ನೀಮಿಯ ಅರವತ್ತೊಂದು ತಪ್ಪುಗಳು

ಹಾಲಿವುಡ್ಡಿನ ಗೋವರ್ ಬೀದಿಯ ಬಾರ್ಲೋ ಸ್ಟುಡಿಯೊದಲ್ಲಿ ಹಿಲ್ಮಾ ನೀಮಿಯ ಪುಸ್ತಕಕ್ಕೆ ಎದುರಾಡುವವರು ಇರಲಿಲ್ಲ. ಹುದ್ದೆಯಲ್ಲಿ ಅವಳು ದೊಡ್ಡವಳೇನಲ್ಲ. ಕ್ಯಾಮರಾದ ಎಡಕ್ಕೆ ಒಂದು ಮಡಿಸುವ ಕುರ್ಚಿ, ತೊಡೆಯ ಮೇಲೆ ದಪ್ಪ ರಟ್ಟಿನ ಪುಸ್ತಕ, ಕೊರಳಲ್ಲಿ ತೂಗುವ ಸ್ಟಾಪ್‌ವಾಚು, ಕಿವಿಯ ಸಂದಿಯಲ್ಲಿ ಸಿಕ್ಕಿಸಿದ ಪೆನ್ಸಿಲ್ಲು. ಅವಳ ಸಂಸ್ಥಾನ ಅಷ್ಟೇ. ಮೂವತ್ತು ದಾಟಿದ ಮೇಲೂ ಎಲ್ಲರೂ ಅವಳನ್ನು ಸ್ಕ್ರಿಪ್ಟ್ ಹುಡುಗಿ ಎಂದೇ ಕರೆಯುತ್ತಿದ್ದರು. ಒಂದೇ ಕೋಣೆಯ ಒಂದೇ ಮಾತುಕತೆಯನ್ನು ಸೋಮವಾರ ದೂರದಿಂದ ತೆಗೆದು ಗುರುವಾರ ಹತ್ತಿರದಿಂದ ತೆಗೆಯುವ ಜನರ ನಡುವೆ, ಸೋಮವಾರ ಯಾರ ಕೈ ಎಲ್ಲಿತ್ತು ಎಂದು ಬರೆದಿಡುವವಳು ಅವಳೊಬ್ಬಳು. ಅರ್ಧ ಸುಟ್ಟ ಸಿಗರೇಟು ಮುಂದಿನ ಶಾಟಿನಲ್ಲಿ ಉದ್ದವಾದರೆ, ಬಿಚ್ಚಿದ್ದ ಗುಂಡಿ ತಾನಾಗಿ ಹಾಕಿಕೊಂಡರೆ, ಲೋಟದ ಹಾಲು ಏರಿದರೆ, ಅದು ಅವಳ ತಲೆಗೆ. ಹಾಗಾಗಿ ನಿರ್ದೇಶಕರಿಂದ ಹಿಡಿದು ದೀಪ ಹೊರುವವರತನಕ ಯಾರಿಗೆ ಅನುಮಾನ ಬಂದರೂ ಅವಳ ಕಡೆ ತಿರುಗುತ್ತಿದ್ದರು. ಅವಳು ಹಾಳೆ ತಿರುವಿ, "ಎಡಗೈ" ಎಂದರೆ ಎಡಗೈ.

ಅವಳು ಹುಟ್ಟಿದ್ದು ಮಿನೆಸೋಟದ ಕಬ್ಬಿಣದ ಗಣಿಯ ಊರಿನಲ್ಲಿ, ಫಿನ್ಲೆಂಡಿನಿಂದ ಬಂದು ನೆಲೆಸಿದವರ ಕೇರಿಯಲ್ಲಿ. ಅಪ್ಪ ಬಂಡೆ ಕೊರೆಯುವ ಕೆಲಸದವನು. ಹದಿನೈದು ವರ್ಷ ಕೊರೆದು, ಸಿಡಿಮದ್ದಿನ ಸದ್ದು ಕೇಳಿ ಕೇಳಿ, ನಲವತ್ತು ತುಂಬುವ ಮೊದಲೇ ಅವನ ಎರಡೂ ಕಿವಿ ಹೋಗಿದ್ದವು. ಕಿವುಡು ಗೊತ್ತಾದರೆ ಗಣಿಯಿಂದ ತೆಗೆಯುತ್ತಾರೆಂದು ಮನೆಯವರೆಲ್ಲ ಸೇರಿ ಅದನ್ನು ಮುಚ್ಚಿಟ್ಟಿದ್ದರು. ಆ ಮನೆಯಲ್ಲಿ ಮಾತಿಗೆ ಮುಂಚೆ ಏನಾದರೊಂದು ಅಲುಗಬೇಕಿತ್ತು. ತಾಯಿ ಚಮಚ ಕೆಳಗಿಡುತ್ತಿದ್ದಳು, ಅಣ್ಣ ಟೋಪಿ ತೆಗೆಯುತ್ತಿದ್ದ. ಆಗ ಅಪ್ಪ ತಲೆಯೆತ್ತಿ ತುಟಿ ನೋಡುತ್ತಿದ್ದ. ಯಾರ ಕೈಯಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಹಿಲ್ಮಾಗೆ ಹತ್ತಿದ್ದು ಅಲ್ಲಿಯೇ.

ಅಪ್ಪ ತೀರಿಕೊಂಡ ಮೇಲೆ ಅವಳು ತಾಯಿಯನ್ನು ಕರೆದುಕೊಂಡು ಲಾಸ್ ಏಂಜಲೀಸಿಗೆ ಬಂದಳು. ಬಾರ್ಲೋದಲ್ಲಿ ಟೈಪಿಸ್ಟಾಗಿ ಸೇರಿ, ಮೂರು ವರ್ಷದಲ್ಲಿ ಸೆಟ್ಟಿಗೆ ಇಳಿದಳು. ೧೯೩೬ರಲ್ಲಿ ಜೋನಸ್ ಟಟಲ್ ಚಿತ್ರಗಳು ಶುರುವಾದಾಗ ಮೊದಲ ದಿನದ ಮೊದಲ ಶಾಟಿಗೇ ಅವಳ ಕುರ್ಚಿ ಅಲ್ಲಿತ್ತು.

ಟಟಲ್ ಪಿಯಾನೊ ಶ್ರುತಿ ಮಾಡುವವನು. ಸಿರಿವಂತರ ಮನೆಗಳಿಗೆ ಚರ್ಮದ ಚೀಲ ಹಿಡಿದು ಹೋಗುತ್ತಾನೆ; ಹೋದ ಮನೆಯಲ್ಲೆಲ್ಲ ಒಂದು ಹೆಣ ಬೀಳುತ್ತದೆ. ಪೊಲೀಸರಿಗೆ ಕಾಣದ್ದು ಅವನಿಗೆ ಕೇಳಿಸುತ್ತದೆ. ಮಹಡಿಯ ಮೇಲಿನ ಹೆಜ್ಜೆ ಗಂಡಸಿನದೋ ಹೆಂಗಸಿನದೋ, ಗಡಿಯಾರವನ್ನು ಯಾರಾದರೂ ಮುಟ್ಟಿದರೋ, ಗಂಟಲಲ್ಲಿ ಸುಳ್ಳು ಸಿಕ್ಕಿಕೊಂಡಿದೆಯೋ, ಎಲ್ಲ ಅವನ ಕಿವಿಗೆ ಬೀಳುತ್ತದೆ. ಕೊನೆಗೆ ಎಲ್ಲರನ್ನೂ ಪಿಯಾನೊ ಇರುವ ಕೋಣೆಯಲ್ಲಿ ಕೂಡಿಸಿ, "ಈ ಮನೇಲಿ ಒಂದು ತಂತಿ ಸಡಿಲ ಇದೆ" ಎನ್ನುತ್ತಾನೆ. ಥಿಯೇಟರಿನಲ್ಲಿ ಜನ ಅವನಿಗಿಂತ ಮುಂಚೆ ಆ ಮಾತು ಹೇಳಿಬಿಡುತ್ತಿದ್ದರು.

ಹತ್ತು ವರ್ಷದಲ್ಲಿ ಹದಿನೈದು ಚಿತ್ರ, ಒಂದೊಂದಕ್ಕೆ ಹದಿನೆಂಟು ದಿನ. ಅದರೊಳಗಿನ ಸಂಗತಿಗಳೆಲ್ಲ ಹಿಲ್ಮಾಗೆ ಬಾಯಿಪಾಠ. ಒಂಬತ್ತು ಚಿತ್ರಗಳ ಒಂಬತ್ತು ಬಂಗಲೆಗಳಿಗೂ ಮಹಡಿಮೆಟ್ಟಿಲು ಒಂದೇ; ಒಮ್ಮೆ ಬಿಳಿ ಬಣ್ಣ, ಒಮ್ಮೆ ಕಂದು. ಗೋಡೆಯ ಮೇಲೆ ಹುಬ್ಬು ಗಂಟಿಕ್ಕಿರುವ ಅಜ್ಜಿಯ ಚಿತ್ರಪಟ ಸ್ಟುಡಿಯೊ ಮಾಲೀಕರ ಸೋದರತ್ತೆಯದು. ಆಕೆ ಬದುಕಿರುವತನಕ ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಒಬ್ಬನೇ ನಟ ಐದು ಚಿತ್ರಗಳಲ್ಲಿ ಐದು ಬಗೆಯ ಮೀಸೆ ಹಚ್ಚಿಕೊಂಡು ಐದು ಸಲ ಸತ್ತಿದ್ದಾನೆ. ಟಟಲ್‌ನ ಮೊಣಕೈ ಸವೆದ ಕೋಟು ಸ್ಟುಡಿಯೊದ್ದಲ್ಲ, ನಟನ ಸ್ವಂತದ್ದು.

ಆ ನಟ ರೂಪರ್ಟ್ ಥೇನ್. ನೋವಾ ಸ್ಕೋಷಿಯಾದವನು, ಎತ್ತರದ ಆಳು. ಮೊದಲ ಮಹಾಯುದ್ಧದಲ್ಲಿ ಎರಡು ವರ್ಷ ಫಿರಂಗಿ ದಳದಲ್ಲಿದ್ದು, ಆಮೇಲೆ ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿ, ಐವತ್ತರ ಹತ್ತಿರ ಬಂದಾಗ ಟಟಲ್ ಆದ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳು ಮಗಳು. ಸೆಟ್ಟಿನಲ್ಲಿ ಕೂಗಾಡುವವನಲ್ಲ. ದೀಪದವರಿಗೂ "ನಮಸ್ಕಾರ" ಹೇಳಿಯೇ ಒಳಗೆ ಬರುತ್ತಿದ್ದ.

೧೯೩೯ರ ವಸಂತದಲ್ಲಿ ಐದನೆಯ ಚಿತ್ರ ನಡೆಯುತ್ತಿತ್ತು. ಟಟಲ್ ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದಾನೆ, ಹಿಂದೆ ಯಾರೋ ಪಿಯಾನೊದ ಒಂದು ಕೀ ಒತ್ತುತ್ತಾರೆ, ಅವನು ಥಟ್ಟನೆ ತಿರುಗಬೇಕು. ಕೀ ಒತ್ತಿದರು. ಥೇನ್ ತಿರುಗಲಿಲ್ಲ. ಇನ್ನೊಮ್ಮೆ ಒತ್ತಿದರು. ಕಿಟಕಿಯಾಚೆ ಬಣ್ಣ ಬಳಿದ ಪರದೆಯ ಮರಗಳನ್ನೇ ನೋಡುತ್ತ ನಿಂತಿದ್ದ. ನಿರ್ದೇಶಕ ಗಸ್ ಹೆಲ್ಡರ್ ಒಳ್ಳೆಯವನೇ, ಆದರೆ ಹದಿನೆಂಟು ದಿನದ ಗಡುವು ಅವನ ಬೆನ್ನ ಮೇಲೆ ಕೂತಿತ್ತು. ಏನಾಯಿತು ಎಂದು ಗದರಿದ. ಏನೋ ಯೋಚನೆಯಲ್ಲಿದ್ದೆ ಎಂದು ಥೇನ್ ಕ್ಷಮೆ ಕೇಳಿದ. ಕೇಳುವಾಗ ಅವನ ಕಣ್ಣು ಗಸ್‌ನ ಕಣ್ಣಿನ ಮೇಲಿರಲಿಲ್ಲ, ಬಾಯಿಯ ಮೇಲಿತ್ತು. ಹಿಲ್ಮಾಳ ಪೆನ್ಸಿಲ್ಲು ಅಲ್ಲೇ ನಿಂತಿತು. ಆ ನೋಟ ಅವಳಿಗೆ ಗೊತ್ತಿದ್ದದ್ದು.

ಮಧ್ಯಾಹ್ನ ಊಟದ ಹೊತ್ತಿಗೆ ಥೇನ್ ಸ್ಟೇಜಿನ ಹೊರಗೆ, ನೆರಳು ಬಿದ್ದ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಹಿಲ್ಮಾ ತನ್ನ ರೈ ಬ್ರೆಡ್ಡು, ಉಪ್ಪು ಮೀನಿನ ಡಬ್ಬಿ ತಂದು ಅವನ ಎದುರಿನ ಮರದ ಪೆಟ್ಟಿಗೆಯ ಮೇಲೆ ಕೂತಳು. ಅವನು ತಲೆಯೆತ್ತಿ ನೋಡುವತನಕ ಕಾದಳು. ನೋಡಿದಾಗ, ದನಿ ಹೊರಡಿಸದೆ ಬರೀ ತುಟಿ ಅಲುಗಿಸಿ ಕೇಳಿದಳು, ಮೀನು ತಿನ್ನುತ್ತೀರಾ ಎಂದು.

"ಬೇಡ ಮಿಸ್ ನೀಮಿ, ಈಗ ತಾನೆ ಮೊಟ್ಟೆ ಸ್ಯಾಂಡ್‌ವಿಚ್ ತಿಂದೆ" ಎಂದ ಥೇನ್.

ಅಂದ ಮೇಲೆ ಅವಳ ಮುಖದಲ್ಲಿ ಏನೋ ಕಂಡಿರಬೇಕು. ಸುತ್ತ ನೋಡಿದ. ಅವಳ ಗಂಟಲು ನೋಡಿದ. ತಾನು ಸಿಕ್ಕಿಬಿದ್ದದ್ದು ತಿಳಿದು ಅವನ ಮುಖದ ಬಣ್ಣವೇ ಇಳಿದುಹೋಯಿತು.

ಹಿಲ್ಮಾ ಗಾಬರಿಬಿದ್ದು ಈಗ ದನಿ ತೆಗೆದೇ ಮಾತಾಡಿದಳು. ಅಪ್ಪನ ಕಥೆ ಹೇಳಿದಳು, ಗಣಿಯದು, ಚಮಚದ್ದು, ಟೋಪಿಯದು. ನಿಧಾನವಾಗಿ, ತುಟಿ ಕಾಣುವಂತೆ ಹೇಳಿದಳು. ಥೇನ್ ಎಲ್ಲ ಕೇಳಿಸಿಕೊಂಡ, ಅಂದರೆ ನೋಡಿಕೊಂಡ. ಎಡಗಿವಿ ಪೂರ್ತಿ ಹೋಗಿ ವರ್ಷವಾಯಿತಂತೆ, ಬಲಗಿವಿಯಲ್ಲಿ ಇನ್ನೂ ನೀರಿನೊಳಗಿನಿಂದ ಬಂದ ಹಾಗೆ ಸ್ವಲ್ಪ ಕೇಳಿಸುತ್ತದಂತೆ.

"ಕಿವಿಯಿಂದ ಕಳ್ಳನ್ನ ಹಿಡಿಯೋ ಪತ್ತೇದಾರನಿಗೇ ಕಿವಿ ಇಲ್ಲ ಅಂತ ಪೇಪರಿನೋರಿಗೆ ಗೊತ್ತಾದ್ರೆ ಏನಾಗತ್ತೆ ನೀವೇ ಹೇಳಿ" ಎಂದ. "ಜನ ನಗ್ತಾರೆ. ನಗೋದಕ್ಕೂ ಅಡ್ಡಿಯಿಲ್ಲ. ಆದ್ರೆ ಆಮೇಲೆ ನನಗೆ ಬೇರೆ ಕೆಲ್ಸ ಬರಲ್ಲ ಮಿಸ್ ನೀಮಿ. ಇದನ್ನ ಯಾರಿಗೂ ಹೇಳಬೇಡಿ."

"ನನ್ನ ಪುಸ್ತಕದಲ್ಲಿ ಲೋಟಕ್ಕೆ ಕಾಲಂ ಇದೆ, ಸಿಗರೇಟಿಗೆ ಕಾಲಂ ಇದೆ" ಎಂದಳು ಹಿಲ್ಮಾ. "ಕಿವಿಗೆ ಇಲ್ಲ. ಮತ್ತೆ ಯಾರಿಗೆ ಹೇಳ್ಲಿ."

ಅಂದಿನಿಂದ ಇಬ್ಬರೂ ಸೇರಿ ಉಪಾಯ ಹೂಡಿದರು. ಪಿಯಾನೊದ ತೊಂದರೆ ಬಗೆಹರಿಸಿದವನು ಥೇನ್. ಅಂಗೈಯನ್ನು ಪಿಯಾನೊದ ಮುಚ್ಚಳದ ಮೇಲಿಟ್ಟರೆ ತಂತಿಯ ನಡುಕ ಮರದಿಂದ ಕೈಗೆ ಬರುತ್ತಿತ್ತು. ಕಣ್ಣು ಮುಚ್ಚಿ, ಅಂಗೈ ಚಾಚಿ, ಪಿಯಾನೊದ ಜೊತೆ ಗುಟ್ಟು ಮಾತಾಡುವವನ ಹಾಗೆ ನಿಲ್ಲತೊಡಗಿದ. ಗಸ್‌ಗೆ ಅದು ಎಷ್ಟು ಹಿಡಿಸಿತೆಂದರೆ ಆರನೆಯ ಚಿತ್ರದಿಂದ ಪೋಸ್ಟರಿನ ಮೇಲೆಯೂ ಆ ಅಂಗೈಯೇ ಬಂತು. ದೇಶದಲ್ಲೆಲ್ಲ ಜನ ಸೋಡಾ ಅಂಗಡಿಯ ಕಟ್ಟೆಯ ಮೇಲೆ ಅಂಗೈ ಇಟ್ಟು ಟಟಲ್ ಆಗುತ್ತಿದ್ದರು.

ಮಾತಿನ ತೊಂದರೆ ಅಷ್ಟು ಸುಲಭದ್ದಲ್ಲ. ಎದುರಿನವರು ಮಾತು ಮುಗಿಸಿದ್ದು ಥೇನ್‌ಗೆ ಕಣ್ಣಿಗೆ ಕಾಣಬೇಕು. ಎದುರುಬದುರು ನಿಂತಾಗ ತುಟಿ ಸಾಕು. ಪಕ್ಕದಲ್ಲೋ ಹಿಂದೆಯೋ ನಿಂತವರು ಮಾತು ಮುಗಿಸುವಾಗ ಏನಾದರೂ ಮಾಡಬೇಕು: ಕಪ್ಪು ಕೆಳಗಿಡಬೇಕು, ಕನ್ನಡಕ ತೆಗೆಯಬೇಕು, ಪೆಟ್ಟಿಗೆ ಮುಚ್ಚಬೇಕು. ಹಾಗೆ ಮಾಡಿ ಎಂದು ನಟರಿಗೆ ಹೇಳುವ ಅಧಿಕಾರ ಸ್ಕ್ರಿಪ್ಟ್ ಹುಡುಗಿಗೆ ಇಲ್ಲ. ಅವಳಿಗೆ ಇದ್ದ ಅಧಿಕಾರ ಒಂದೇ, ಹಿಂದಿನ ಶಾಟಿನಲ್ಲಿ ಹೇಗಿತ್ತೋ ಹಾಗೇ ಮಾಡಿ ಎನ್ನುವುದು.

ಹಿಲ್ಮಾ ಆ ಅಧಿಕಾರವನ್ನು ಬಳಸಿಕೊಂಡಳು. ಮೊದಲ ಸುಳ್ಳು ಹೇಳಿದ್ದು ಮೇಬಲ್ ಸ್ಟ್ರೌಡ್‌ಗೆ. ಮೇಬಲ್ ಹದಿನೈದು ಚಿತ್ರಗಳಲ್ಲಿಯೂ ಟಟಲ್ ಬಾಡಿಗೆಗಿರುವ ಮನೆಯ ಒಡತಿ. ನಾಲಗೆ ಚುರುಕಿನ ಹೆಂಗಸು, ಆಗಲೇ ಐವತ್ತರ ಹತ್ತಿರ. ಹತ್ತಿರದ ಶಾಟಿಗೆ ತಯಾರಾಗುತ್ತಿದ್ದವಳ ಬಳಿ ಹಿಲ್ಮಾ ಹೋಗಿ ಪುಸ್ತಕ ತೆರೆದಳು.

"ಸೋಮವಾರ ನೀವು 'ಪಾಪ, ಒಳ್ಳೇ ಮನುಷ್ಯ' ಅಂದಮೇಲೆ ಕಪ್ಪು ಕೆಳಗಿಟ್ರಿ."

"ಇಟ್ನಾ?"

"ಇಟ್ರಿ. ಇಲ್ಲಿ ಬರೆದಿದೆ."

ಮೇಬಲ್ ಅವಳನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದಳು. "ಬರೆದಿದೆ ಅಂದ್ಮೇಲೆ ಇಟ್ಟೇ ಇರ್ತೀನಿ" ಎಂದು ಹೋದಳು. ಕ್ಯಾಮರಾ ಓಡಿತು, ಕಪ್ಪು ತಟ್ಟೆಯ ಮೇಲೆ ಕೂತಿತು, ಥೇನ್ ಆ ಗಳಿಗೆಗೇ ಬಾಯಿ ತೆರೆದ. ಎಲ್ಲ ಸಲೀಸಾಗಿ ನಡೆದುಹೋಯಿತು. ಆ ಪುಸ್ತಕದಲ್ಲಿ ಹಿಲ್ಮಾ ಅದುವರೆಗೆ ಒಂದು ಗುಂಡಿಯ ವಿಷಯದಲ್ಲಿಯೂ ಸುಳ್ಳು ಬರೆದವಳಲ್ಲ. ಚಿತ್ರ ಬಂದಾಗ ದೂರದ ಶಾಟಿನಲ್ಲಿ ಕಪ್ಪು ಮೇಬಲ್‌ಳ ಕೈಯಲ್ಲಿರುತ್ತದೆ, ಹತ್ತಿರದ್ದರಲ್ಲಿ ಕೆಳಗಿರುತ್ತದೆ, ಮತ್ತೆ ದೂರದ್ದರಲ್ಲಿ ಕೈಗೆ ಬಂದಿರುತ್ತದೆ. ನೋಡುವವರಿಗೆ ಅದು ತಪ್ಪು, ಆ ತಪ್ಪು ಅವಳದು. ಗೊತ್ತಿದ್ದೂ ಒಪ್ಪಿಕೊಂಡಳು. ಆಮೇಲೆ ಒಂದೊಂದು ಚಿತ್ರಕ್ಕೆ ನಾಲ್ಕೈದು ಸಲ ಹಾಗೆ ಮಾಡಬೇಕಾಗಿ ಬಂತು.

ನಾಲ್ಕು ವರ್ಷ ಹೀಗೇ ಸಾಗಿತು. ೧೯೪೩ರಲ್ಲಿ, ಹನ್ನೊಂದನೆಯ ಚಿತ್ರದ ನಡುವೆ ಗಸ್‌ಗೆ ಹೊಟ್ಟೆಯ ಆಪರೇಷನ್ ಆಗಿ ಅವನ ಜಾಗಕ್ಕೆ ಕ್ಲಾರೆನ್ಸ್ ವಿಕ್ ಎಂಬಾತ ಬಂದ. ಪಟ್ಟೆ ಪಟ್ಟೆ ಅಂಗಿಯ ತೋಳು ಮಡಿಸಿಕೊಂಡು, ಸ್ಕ್ರಿಪ್ಟಿನ ಹಾಳೆಗಳನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, ಅದರಿಂದ ತೊಡೆ ಬಡಿದುಕೊಳ್ಳುತ್ತ ಓಡಾಡುವ ಮನುಷ್ಯ. ಅವನಿಗೆ ಪುಸ್ತಕದ ಮೇಲೆ ನಂಬಿಕೆ ಇರಲಿಲ್ಲ, ಕಣ್ಣಿನ ಮೇಲಿತ್ತು. ಹಿಂದಿನ ದಿನ ತೆಗೆದದ್ದನ್ನು ತೆರೆಯ ಮೇಲೆ ಹಾಕಿಸಿ ನೋಡಿದವನು ಸೆಟ್ಟಿಗೆ ಬಂದು ಎಲ್ಲರೆದುರು ಹಿಲ್ಮಾಳನ್ನು ನಿಲ್ಲಿಸಿದ. ವಕೀಲನ ಪಾತ್ರದವನ ಕೈಯಲ್ಲಿ ಪೈಪು ಇದೆ, ನೀನು ಕೆಳಗಿಟ್ಟ ಎಂದು ಬರೆದಿದ್ದೀಯ. ನಿನ್ನ ಕಣ್ಣು ಎಲ್ಲಿತ್ತು, ಯಾರನ್ನು ನೋಡುತ್ತ ಕೂತಿದ್ದೆ ಎಂದು ಬಾಯಿಗೆ ಬಂದಂತೆ ಬೈದ.

ಥೇನ್ ಕುರ್ಚಿಯಿಂದ ಏಳತೊಡಗಿದ. ಹಿಲ್ಮಾ ಅವನ ಕಡೆ ತಿರುಗಿ, ದನಿಯಿಲ್ಲದೆ, ತುಟಿಯಲ್ಲಿಯೇ "ಬೇಡ" ಎಂದಳು. ಅವನು ಅರ್ಧಕ್ಕೆ ನಿಂತ.

"ನನ್ನದೇ ತಪ್ಪು ಸರ್" ಎಂದಳು ವಿಕ್‌ಗೆ.

ಆ ಚಿತ್ರ ಮುಗಿದ ಮೇಲೆ ಅವಳನ್ನು ಮತ್ತೆ ಟೈಪಿಂಗ್ ಕೋಣೆಗೆ ಕಳಿಸಿದರು. ಗಸ್ ಇನ್ನೂ ಚೇತರಿಸಿಕೊಳ್ಳುತ್ತಿದ್ದ. ಹನ್ನೆರಡನೆಯ ಚಿತ್ರವನ್ನು ವಿಕ್ ತೆಗೆದ. ಅಂಗಳದ ಆಚೆ ಸ್ಟೇಜಿನ ಕೆಂಪು ದೀಪ ಹತ್ತಿದಾಗಲೆಲ್ಲ ಹಿಲ್ಮಾಳ ಬೆರಳು ಟೈಪ್‌ರೈಟರಿನ ಮೇಲೆ ತಪ್ಪು ಅಕ್ಷರಕ್ಕೆ ಬೀಳುತ್ತಿತ್ತು. ಇವತ್ತು ಸಿಕ್ಕಿಬೀಳುತ್ತಾರೆ, ನಾಳೆ ಸಿಕ್ಕಿಬೀಳುತ್ತಾರೆ ಎಂದು ಹದಿನೆಂಟು ದಿನ ಒದ್ದಾಡಿದಳು. ಮನೆಯಲ್ಲಿ ತಾಯಿಗೆ ಮಾತ್ರ ವಿಷಯ ಗೊತ್ತಿತ್ತು. ಕಾಫಿ ಬಸಿಯುತ್ತ ಆ ಮುದುಕಿ, ನಿಮ್ಮಪ್ಪನಿಗೂ ಗಣಿಯಲ್ಲಿ ನಾವಿರಲಿಲ್ಲ, ಹೇಗೋ ಮಾಡಿಕೊಂಡು ಬರುತ್ತಿದ್ದ ಎಂದಳು. ಅದರಿಂದ ಹಿಲ್ಮಾಗೆ ಸಮಾಧಾನವೇನೂ ಆಗಲಿಲ್ಲ.

ಚಿತ್ರ ಮುಗಿದ ದಿನ ಥೇನ್ ಟೈಪಿಂಗ್ ಕೋಣೆಯ ಬಾಗಿಲಿಗೆ ಬಂದ. "ಹೇಗೋ ಮುಗೀತು ಮಿಸ್ ನೀಮಿ. ಹೇಗೆ ಅಂತ ಕೇಳಿದ್ರೆ ನಂಗೂ ಗೊತ್ತಿಲ್ಲ" ಎಂದು, ಟೋಪಿ ತೆಗೆದು, ಹೋದ. ಹದಿಮೂರನೆಯ ಚಿತ್ರಕ್ಕೆ ಅವಳ ಕುರ್ಚಿ ಮತ್ತೆ ಕ್ಯಾಮರಾದ ಪಕ್ಕಕ್ಕೆ ಬಂತು. ಗಸ್ ಹಟ ಹಿಡಿದು ಕರೆಸಿಕೊಂಡಿರಬೇಕು ಎಂದುಕೊಂಡಳು. ಆದರೆ ಹನ್ನೆರಡನೆಯದನ್ನು ಮಾತ್ರ ಅವಳು ನೋಡಲಿಲ್ಲ. ಊರಿನ ಎಲ್ಲ ಥಿಯೇಟರಿನಲ್ಲಿ ಬಂದು ಹೋಯಿತು, ಆಮೇಲೆ ಟೆಲಿವಿಷನ್ನಿನಲ್ಲಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಎಷ್ಟೋ ಸಲ ಬಂತು. ಬಂದಾಗಲೆಲ್ಲ ಎದ್ದು ಹೋಗಿ ಹಿತ್ತಲಿನ ಗಿಡಗಳಿಗೆ ನೀರು ಹಾಕುತ್ತಿದ್ದಳು.

೧೯೪೬ರಲ್ಲಿ ಟಟಲ್ ಚಿತ್ರಗಳು ನಿಂತವು. ಥೇನ್ ಮಗಳ ಜೊತೆ ಓಹೈ ಎಂಬ ಊರಿಗೆ ಹೋಗಿ ನಿಂಬೆ ಗಿಡ ಬೆಳೆಸಿಕೊಂಡಿದ್ದು, ೧೯೫೧ರಲ್ಲಿ ತೀರಿಕೊಂಡ. ಪತ್ರಿಕೆಗಳು 'ಹಾಲಿವುಡ್ಡಿನ ಅತಿ ಸೂಕ್ಷ್ಮ ಕಿವಿ ಮುಚ್ಚಿತು' ಎಂದು ಬರೆದವು. ಹಿಲ್ಮಾ ಅದನ್ನು ಕತ್ತರಿಸಿ ಇಟ್ಟುಕೊಂಡಳು, ಯಾರಿಗೂ ಏನೂ ಹೇಳಲಿಲ್ಲ. ಟೆಲಿವಿಷನ್ ಕಂಪನಿಗಳಲ್ಲಿ ದುಡಿದು ಅರವತ್ತಕ್ಕೆ ನಿವೃತ್ತಳಾದಳು. ತಾಯಿ ಹೋಗಿ ಬಹಳ ವರ್ಷವಾಗಿತ್ತು. ಮದುವೆಯಾಗಲಿಲ್ಲ. ಅಟ್‌ವಾಟರಿನ ಸಣ್ಣ ಮನೆ, ಭಾನುವಾರದ ಫಿನ್ನಿಷ್ ಚರ್ಚು, ತಿಂಗಳಿಗೆರಡು ಸಲ ನಟರ ವೃದ್ಧಾಶ್ರಮಕ್ಕೆ ಹೋಗಿ ಮೇಬಲ್ ಸ್ಟ್ರೌಡ್‌ಳನ್ನು ನೋಡಿಕೊಂಡು ಬರುವುದು. ಹೀಗೆ ದಿನ ಕಳೆಯುತ್ತಿದ್ದಳು.

೧೯೭೪ರಲ್ಲಿ ಒಂದು ಬೆಳಿಗ್ಗೆ ಮೇಬಲ್‌ಳ ಫೋನು ಬಂತು. ಅವಳಿಗೆ ಆಗ ಎಂಬತ್ತಮೂರು, ನಾಲಗೆ ಮಾತ್ರ ಹಾಗೇ ಇತ್ತು.

"ಏ ಹುಡುಗಿ, ನಿನ್ನ ತಪ್ಪುಗಳ ಪಟ್ಟಿ ಬಂದಿದೆ. ಅರವತ್ತೊಂದಂತೆ."

ಪಾಸಡೀನಾದಲ್ಲಿ ಟೈಪ್‌ರೈಟರ್ ರಿಪೇರಿ ಮಾಡುವ ವೆಂಡೆಲ್ ಕ್ರೌಸ್ ಎಂಬ ನಲವತ್ತೈದರ ಮನುಷ್ಯ ಟಟಲ್ ಅಭಿಮಾನಿಗಳ ಸಂಘ ಕಟ್ಟಿದ್ದ. ಹದಿನೈದು ಚಿತ್ರಗಳ ರೀಲುಗಳನ್ನೂ ಹುಡುಕಿ ತಂದು, ಮನೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದ. ಅವನು ತಿಂಗಳಿಗೊಮ್ಮೆ ಹೊರಡಿಸುವ 'ಶ್ರುತಿಕವೆ' ಎಂಬ ನಾಲ್ಕು ಪುಟದ ಪತ್ರಿಕೆಯಲ್ಲಿ ಈ ಸಲ ಟಟಲ್ ಚಿತ್ರಗಳ ಅರವತ್ತೊಂದು ತಪ್ಪುಗಳ ಪಟ್ಟಿ ಇತ್ತು. ಹಾರುವ ಕಪ್ಪುಗಳು, ಮಾಯವಾಗುವ ಪೈಪುಗಳು, ಹನ್ನೆರಡನೆಯ ಚಿತ್ರದ ಕನ್ನಡಿಯಲ್ಲಿ ಯಾರದೋ ಕೈ. ಕೆಳಗೊಂದು ರಸಪ್ರಶ್ನೆ: 'ಹಾಲಿವುಡ್ಡಿನ ಅತಿ ಮರೆಗುಳಿ ಸ್ಕ್ರಿಪ್ಟ್ ಹುಡುಗಿ ಯಾರು? ಉತ್ತರ ಗೊತ್ತಿದ್ದವರು ತಿಳಿಸಿ.' ಸ್ಕ್ರಿಪ್ಟ್ ಹುಡುಗಿಯರ ಹೆಸರನ್ನು ಆಗ ತೆರೆಯ ಮೇಲೆ ಹಾಕುತ್ತಿರಲಿಲ್ಲ. ವೆಂಡೆಲ್‌ಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಹಿಲ್ಮಾ ಆ ಪಟ್ಟಿಯನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. ಮೂವತ್ತೈದು ವರ್ಷದ ದುಡಿಮೆಯಲ್ಲಿ ಅವಳ ಬಗ್ಗೆ ಅಚ್ಚಾದ ಮೊದಲ ಮಾತು ಅದು. ಕೂತು ಒಂದು ಉತ್ತರ ಬರೆದಳು, ಹರಿದುಹಾಕಿದಳು. ಸತ್ಯ ಬರೆದರೆ ಥೇನ್‌ಗೆ ಕೊಟ್ಟ ಮಾತು ಹೋಗುತ್ತದೆ, ಬರೆಯದಿದ್ದರೆ ತನ್ನ ಹೆಸರು ಹೋಗುತ್ತದೆ. ಹೆಸರೇ ಇಲ್ಲದವಳಿಗೆ ಹೋಗುವುದೇನು ಎಂದು ಸುಮ್ಮನಾದಳು. ಎರಡು ದಿನ ಊಟ ಸರಿಯಾಗಿ ಸೇರಲಿಲ್ಲ.

ಸಂಘದ ವಾರ್ಷಿಕ ಕೂಟಕ್ಕೆ ಮೇಬಲ್ ಮುಖ್ಯ ಅತಿಥಿ. ಗ್ಲೆಂಡೇಲಿನ ಚರ್ಚೊಂದರ ಸಭಾಂಗಣ, ಶನಿವಾರ ಮಧ್ಯಾಹ್ನ. ಕರೆದುಕೊಂಡು ಹೋಗುವವರು ಬೇಕಲ್ಲ, ಹಿಲ್ಮಾ ತನ್ನ ಹಳೆಯ ಪ್ಲಿಮತ್ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಎಪ್ಪತ್ತು ಜನ ಸೇರಿದ್ದರು. ಮೇಬಲ್ ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ಮೇಜಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಅದು ಆ ಸಂಘದವರ ನಮಸ್ಕಾರ. ಹಿಲ್ಮಾ ಹಿಂದಿನ ಸಾಲಿನಲ್ಲಿ, ಡ್ರೈವರು ಕೂತ ಹಾಗೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ವೆಂಡೆಲ್ ಪಟ್ಟಿ ಓದಿ ಜನರನ್ನು ನಗಿಸಿದ. ಆಮೇಲೆ ಪರದೆಗಳನ್ನೆಳೆದು ಪ್ರೊಜೆಕ್ಟರು ಹಾಕಿದ. ಅವತ್ತಿನ ಚಿತ್ರ ಹನ್ನೆರಡನೆಯದು.

ಎದ್ದು ಹೋಗಲು ನೋಡಿದಳು. ಸಾಲಿನ ತುಂಬ ಜನ ಕೂತಿದ್ದರು, ಆಗಲಿಲ್ಲ.

ಐದು ನಿಮಿಷ ಅವಳು ತೆರೆಯ ಮೇಲಿನ ಥೇನ್‌ನನ್ನಷ್ಟೇ ನೋಡಿದಳು. ಆಮೇಲೆ ಹಳೆಯ ಅಭ್ಯಾಸದಂತೆ ಕಣ್ಣು ಉಳಿದವರ ಕೈಗಳಿಗೆ ಹೋಯಿತು. ಬಟ್ಲರ್ ಮಾತು ಮುಗಿಸಿ ಮೇಣದಬತ್ತಿ ಆರಿಸಿದ. ಡಾಕ್ಟರು ಮಾತು ಮುಗಿಸಿ ಕನ್ನಡಕ ತೆಗೆದ. ವಿಧವೆ ಮಾತು ಮುಗಿಸಿ ಕೈಗವಸು ಕಳಚಿದಳು. ಮೇಬಲ್ ಹೆಣಿಗೆಯ ಕಡ್ಡಿಗಳನ್ನು ಮಡಿಲಿಗೆ ಹಾಕಿದಳು. ಎರಡೇ ಮಾತಿರುವ ಪೊಲೀಸಿನವನೂ ಎರಡನೆಯ ಮಾತಿಗೆ ಟೋಪಿಯನ್ನು ಬಗಲಿಗೆ ಸಿಕ್ಕಿಸಿದ. ಯಾರೂ ಅವರಿಗೆ ಹೇಳಿರಲಿಲ್ಲ. ಹೇಳುವವಳು ಆಗ ಅಂಗಳದ ಆಚೆ ಟೈಪ್ ಮಾಡುತ್ತ ಕೂತಿದ್ದಳು. ಹಿಲ್ಮಾ ತನಗರಿವಿಲ್ಲದೆಯೇ ಎಣಿಸುತ್ತಿದ್ದಳು. ಚಿತ್ರ ಮುಗಿಯುವಾಗ ಎಣಿಕೆ ನಲವತ್ತನಾಲ್ಕಕ್ಕೆ ಬಂದಿತ್ತು.

ಅದಕ್ಕೂ ಮುಂಚೆ ಕನ್ನಡಿಯ ಶಾಟು ಬಂತು. ಜನ ಕನ್ನಡಿ, ಕನ್ನಡಿ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ಕನ್ನಡಿಯ ಮೂಲೆಯಲ್ಲಿ ಒಂದು ಕೈ ಮೇಲೆದ್ದು ಕೆಳಗಿಳಿಯಿತು, ಕೈಯಲ್ಲಿ ಸುರುಳಿ ಸುತ್ತಿದ ಹಾಳೆ. ಅದು ಇಳಿದ ಗಳಿಗೆಗೇ ಟಟಲ್ ಮಾತು ಶುರುಮಾಡಿದ. ತೋಳಿನ ಪಟ್ಟೆ ಅಂಗಿ ಹಿಲ್ಮಾಗೆ ಸ್ಪಷ್ಟವಾಗಿ ಕಂಡಿತು. ಅದು ಕ್ಲಾರೆನ್ಸ್ ವಿಕ್‌ನ ಕೈ.

ಅವಳು ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡಳು. ಆ ಹದಿನೆಂಟು ದಿನ ಥೇನ್‌ನನ್ನು ಒಬ್ಬಂಟಿ ಮಾಡಿದೆ ಎಂದು ಮೂವತ್ತು ವರ್ಷ ಕೊರಗಿದ್ದಳು. ಅವನು ಒಬ್ಬಂಟಿಯಾಗಿರಲೇ ಇಲ್ಲ.

ದೀಪ ಹತ್ತಿದ ಮೇಲೆ ವೆಂಡೆಲ್ ಮೇಬಲ್‌ಳನ್ನು ಕೇಳಿದ, ಈ ಚಿತ್ರದಲ್ಲಿ ಯಾಕೆ ಒಬ್ಬರ ಕೈಯೂ ಸುಮ್ಮನಿರುವುದಿಲ್ಲ ಎಂದು. ಮೇಬಲ್ ಹಿಂದಿನ ಸಾಲಿನ ಕಡೆ ಕತ್ತು ಚಾಚಿ ನೋಡಿದಳು.

"ಹೇಳಬಹುದೇನೇ ಹುಡುಗಿ?" ಎಂದಳು. "ನಿನಗೆ ಬಿಟ್ಟಿದ್ದು."

ಎಪ್ಪತ್ತು ತಲೆಗಳು ಹಿಂದಕ್ಕೆ ತಿರುಗಿದವು. ಹಿಲ್ಮಾ ಎದ್ದು ನಿಂತಳು. ನಿಂತವಳಿಗೆ ಮೊದಲು ಮೇಬಲ್‌ಳನ್ನು ಕೇಳಬೇಕಾಗಿತ್ತು.

"ನಿಮಗೆ ಯಾವಾಗಿಂದ ಗೊತ್ತಿತ್ತು?"

"ಆ ಕಪ್ಪಿನ ದಿನದಿಂದ್ಲೇ. ನಾನು ಸ್ಟೇಜ್ ಮೇಲೆ ಬೆಳೆದೋಳು ಕಣೆ, ಮಾತಿನ ಮಧ್ಯೆ ಕಪ್ಪು ಕೆಳಗಿಡೋ ಪೈಕಿ ಅಲ್ಲ. ಇಟ್ರಿ ಅಂತ ನೀನು ಅಂದಾಗ, ಈ ಹುಡುಗಿ ಸುಳ್ಳು ಹೇಳ್ತಿದಾಳೆ, ಯಾರಿಗೋಸ್ಕರ ಅಂತ ನೋಡ್ದೆ. ನೋಡಿದ್ಮೇಲೆ ತಿಳೀತು. ಒಬ್ಬೊಬ್ಬರಿಗೂ ಹಾಗೇ ತಿಳಿದಿತ್ತು. ತನಗೊಬ್ಬನಿಗೇ ಗೊತ್ತಿರೋದು ಅಂದ್ಕೊಂಡು ಒಬ್ಬೊಬ್ಬನೂ ಬಾಯಿ ಮುಚ್ಕೊಂಡಿದ್ದ."

"ವಿಕ್‌ಗೂ?"

"ನೀನು ಹೋದ್ಮೇಲೆ ಮೂರನೇ ದಿನ ಗೊತ್ತಾಯ್ತು ಅವನಿಗೆ. ನಿನ್ನ ಬೈದಿದ್ದಕ್ಕೆ ಮುಖ ಸಣ್ಣ ಮಾಡ್ಕೊಂಡು ಓಡಾಡ್ತಿದ್ದ. ಆ ಹುಡುಗಿ ಇಲ್ದೆ ಇನ್ನೊಂದು ಚಿತ್ರ ತೆಗೀಬೇಡಿ ಅಂತ ಮಾಲೀಕರ ಹತ್ರ ಹೋಗಿ ಹೇಳಿದ್ದು ಅವನೇ, ಗಸ್ ಅಲ್ಲ."

ಜನಕ್ಕೆ ಏನೂ ಅರ್ಥವಾಗದೆ ಅವರಿಬ್ಬರನ್ನೇ ನೋಡುತ್ತಿದ್ದರು. ಹಿಲ್ಮಾ ಆಗ ಅವರ ಕಡೆ ತಿರುಗಿದಳು. ಅವಳು ಸಭೆಯಲ್ಲಿ ಮಾತಾಡಿದವಳಲ್ಲ. ತಾನು ಆ ಚಿತ್ರಗಳ ಸ್ಕ್ರಿಪ್ಟ್ ಹುಡುಗಿ ಎಂದು ಮೊದಲು ಹೇಳಿದಳು. ವೆಂಡೆಲ್‌ನ ಕಿವಿ ಕೆಂಪಾದವು. ಯಾರಿಗೂ ಹೇಳುವುದಿಲ್ಲ ಎಂದು ಮಿಸ್ಟರ್ ಥೇನ್‌ಗೆ ಮಾತು ಕೊಟ್ಟಿದ್ದೆ, ಆದರೆ ಇಷ್ಟು ಜನ ಕೂಡಿ ಕಾಪಾಡಿದ್ದು ನನ್ನೊಬ್ಬಳ ಗುಟ್ಟು ಹೇಗಾದೀತು ಎಂದಳು. ಬೆಂಚು, ಉಪ್ಪು ಮೀನು, ಅಂಗೈ, ಕಪ್ಪು, ಪೈಪು, ಎಲ್ಲ ನಡೆದ ಕ್ರಮದಲ್ಲಿ, ಪುಸ್ತಕ ಓದಿದ ಹಾಗೆ ಹೇಳಿ ಕೂತಳು. ಮುಂದಿನ ಸಾಲಿನ ಒಬ್ಬ ಹೆಂಗಸು ತನ್ನ ಅಂಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತಿದ್ದಳು.

ಆ ರಾತ್ರಿಯೇ ವೆಂಡೆಲ್ ಓಹೈಯಲ್ಲಿದ್ದ ಥೇನ್‌ನ ಮಗಳಿಗೆ ಕಾಗದ ಬರೆದು, ಅಚ್ಚುಮಾಡಬಹುದೇ ಎಂದು ಕೇಳಿದ. ಅಪ್ಪ ಕೊನೆಯ ವರ್ಷಗಳಲ್ಲಿ ಕಿವಿಯ ಯಂತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿಕೊಂಡಿದ್ದರು, ನಾಚಿಕೆ ಬಿಟ್ಟಿದ್ದರು, ಅಚ್ಚುಮಾಡಿ ಎಂದು ಅವಳಿಂದ ಉತ್ತರ ಬಂತು. ಅದನ್ನು ಹಿಡಿದು ವೆಂ‍ಡೆಲ್ ಅಟ್‌ವಾಟರಿಗೆ ಬಂದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಪಟ್ಟಿಯನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತೇನೆ, ಕ್ಷಮೆ ಕೇಳಿ ಮುಖಪುಟದಲ್ಲಿಯೇ ಹಾಕುತ್ತೇನೆ ಎಂದ.

ಹಿಲ್ಮಾ ಅವನನ್ನು ಕೂರಿಸಿ ಕಾಫಿ, ಏಲಕ್ಕಿ ಬ್ರೆಡ್ಡು ಕೊಟ್ಟಳು. ಪಟ್ಟಿಯನ್ನು ಮೇಜಿನ ಮೇಲೆ ಹರಡಿದಳು. ಒಂದೊಂದರ ಪಕ್ಕದಲ್ಲಿಯೂ ಅವಳು ಆಗಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದಳು.

"ಈ ಮೂವತ್ತೆಂಟು ಮಿಸ್ಟರ್ ಥೇನ್‌ಗೋಸ್ಕರ ಬೇಕಂತಲೇ ಮಾಡಿದ್ದು. ಈ ಒಂಬತ್ತು ಹನ್ನೆರಡನೇ ಚಿತ್ರದ್ದು, ಅಲ್ಲಿ ನಾನಿರ್ಲಿಲ್ಲ. ಉಳಿದ ಹದಿನಾಲ್ಕು ನನ್ನವು. ಅವು ಇರಲಿ."

"ಅವನ್ನೂ ತೆಗೆದುಬಿಡ್ತೀನಿ ಮೇಡಂ, ಯಾಕೆ ಸುಮ್ನೆ" ಎಂದ ವೆಂಡೆಲ್.

"ತೆಗೀಬೇಡಿ. ಮೂರನೇ ಚಿತ್ರದ ಗೋಡೆ ಕ್ಯಾಲೆಂಡರ್‌ನಲ್ಲಿ ಜೂನ್ ಮೂವತ್ತೊಂದು ಅಂತಿದೆ ನೋಡಿ. ನನ್ನ ಕಣ್ಣೆದುರಿಗೇ ನಾಲ್ಕು ದಿನ ನೇತಾಡ್ತಿತ್ತು. ಅದಕ್ಕೆ ಯಾರ ಕಿವೀನೂ ಕಾರಣ ಅಲ್ಲ." ಬೆರಳನ್ನು ಇನ್ನೂ ಕೆಳಗೆ ಸರಿಸಿದಳು. "ಮತ್ತೆ ಇದು. ನಲವತ್ತೇಳನೇದನ್ನ ನೀವು ತಪ್ಪು ಬರೆದಿದೀರ. ನಾಯಿ ಬಲಗಡೆ ಇತ್ತು."

ವೆಂಡೆಲ್ ಮುಂದಿನ ವಾರ ರೀಲು ಹಾಕಿ ನೋಡಿದ. ನಾಯಿ ಬಲಗಡೆಯೇ ಇತ್ತು.

ಶ್ರುತಿಕವೆಯ ಮುಂದಿನ ಸಂಚಿಕೆಯಲ್ಲಿ ಪಟ್ಟಿ ಅವಳು ಹೇಳಿದಂತೆಯೇ ಬಂತು. ಮೇಲುಗಡೆ ಹದಿನೈದು ಚಿತ್ರಗಳ ಹೆಸರು, ಹದಿನಾಲ್ಕರ ಮುಂದೆ ಅವಳ ಹೆಸರು. ಹನ್ನೆರಡನೆಯದರ ಮುಂದೆ 'ಎಲ್ಲರೂ' ಎಂದಷ್ಟೇ ಇತ್ತು. ಕ್ಲಾರೆನ್ಸ್ ವಿಕ್ ಬದುಕಿದ್ದರೆ ಒಂದು ಸಾಲು ಬರೆಯಬೇಕೆಂದು ಅವಳಿಗೆ ಆಸೆಯಿತ್ತು. ವಿಚಾರಿಸಿದಾಗ ಆತ ತೀರಿಕೊಂಡು ಏಳು ವರ್ಷವಾಗಿತ್ತು. ಅವನ ತಂಗಿಯೊಬ್ಬಳು ಫ್ರೆಸ್ನೊದಲ್ಲಿದ್ದಳು, ಅವಳಿಗೇ ಬರೆದಳು.

ಆಮೇಲೆ ಹನ್ನೊಂದು ವರ್ಷ, ಟಟಲ್ ಚಿತ್ರಗಳ ಬಗ್ಗೆ ಎಲ್ಲಿಂದ ಯಾವ ಪ್ರಶ್ನೆ ಬಂದರೂ ವೆಂಡೆಲ್ ಅದನ್ನು ಅಟ್‌ವಾಟರಿಗೆ ತಂದು ಕೊಡುತ್ತಿದ್ದ. ಓಹಿಯೊದ ಒಬ್ಬ ದಂತವೈದ್ಯ, ವ್ಯಾಂಕೂವರಿನ ಅವಳಿ ಸೋದರಿಯರು, ಕಿವುಡ ಮಕ್ಕಳಿಗೆ ಪಾಠ ಹೇಳುವ ರಿವರ್‌ಸೈಡಿನ ಮೇಷ್ಟ್ರು ಒಬ್ಬರು, ಎಲ್ಲರೂ ಬರೆಯುತ್ತಿದ್ದರು. ಹಿಲ್ಮಾ ಒಬ್ಬೊಬ್ಬರಿಗೂ ಟೈಪ್ ಮಾಡಿ ಉತ್ತರ ಕಳಿಸುತ್ತಿದ್ದಳು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತಿದ್ದಳು, ಊಹಿಸಿ ಒಂದು ಸಾಲೂ ಸೇರಿಸುತ್ತಿರಲಿಲ್ಲ. ಕೊನೆಯ ಉತ್ತರ ೧೯೮೫ರ ಮಾರ್ಚಿನದು: ಎರಡನೆಯ ಚಿತ್ರದ ಛತ್ರಿ ಕಪ್ಪು ಬಣ್ಣದ್ದಲ್ಲ, ಕಡುನೀಲಿ, ಕಪ್ಪುಬಿಳುಪಿನಲ್ಲಿ ತಿಳಿಯುವುದಿಲ್ಲ.